ಗುಡ್ಡದ ನಾಡಿನಲ್ಲಿ ಸಮತಟ್ಟು ಜಾಗ

1956ರ ಡಿಸೆಂಬರ್ 4. ಮೆಲ್ಬರ್ನ್. ಒಲಿಂಪಿಕ್ಸ್ ಫುಟ್ಬಾಲ್ ಸೆಮಿಫೈನಲ್. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನೆವಿಲ್ ಡಿಸೋಜಾ ಗೋಲು ಹೊಡೆದರು, ಭಾರತ 1-0 ಮುಂದೆ. ಹೌದು ವೀಕ್ಷಕರೇ, ಭಾರತವೇ. ಒಲಿಂಪಿಕ್ಸ್ ಫುಟ್ಬಾಲ್ ಸೆಮಿಫೈನಲ್‌ನಲ್ಲಿ ನಾವು ಮುಂದೆ ಇದ್ದೆವು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಆ ಖುಷಿ ಇದ್ದದ್ದು ಕೆಲವೇ ನಿಮಿಷ. ಎದುರಾಳಿ ತಂಡ ಒಂದರ ಹಿಂದೆ ಒಂದು ಗೋಲು ಹಾಕಿ 4-1ಕ್ಕೆ ಆಟ ಮುಗಿಸಿತು. ಆ ಎದುರಾಳಿಯ ಹೆಸರು ಯುಗೊಸ್ಲಾವಿಯಾ.

ಅದಕ್ಕೂ ನಾಲ್ಕು ವರ್ಷ ಹಿಂದೆ ಹೆಲ್ಸಿಂಕಿಯಲ್ಲಿ ಇದೇ ಯುಗೊಸ್ಲಾವಿಯಾ ನಮಗೆ 10-1ರ ಹೊಡೆತ ಕೊಟ್ಟಿತ್ತು. ಆ ಚಳಿಯಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಆವತ್ತು ನಮ್ಮ ಕಡೆಯಿಂದ ಬಿದ್ದ ಆ ಒಂದೇ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದ್ದು. ಹತ್ತು ಗೋಲು ತಿಂದ ಪಂದ್ಯದಲ್ಲೂ ನಮ್ಮ ಊರಿನ ಹೆಸರು ಉಳಿಯಿತಲ್ಲ, ಅಷ್ಟು ಸಮಾಧಾನ.

ಇವತ್ತು ನಾನು ಹೇಳೋಕೆ ಹೊರಟಿರುವುದು ಭಾರತದ ಫುಟ್ಬಾಲ್ ಕಥೆ ಅಲ್ಲ. ಮೆಲ್ಬರ್ನ್‌ನಲ್ಲಿ ನಮ್ಮನ್ನು ಸೋಲಿಸಿದ ದೇಶ ಇದೆಯಲ್ಲ, ಆ ದೇಶವೇ ಈಗ ಭೂಪಟದಲ್ಲಿ ಇಲ್ಲ. ಆ ತಂಡದಲ್ಲಿ ಇಬ್ರಾಹಿಂ ಬಿಯೊಗ್ರಾಡ್ಲಿಚ್ ಅಂತ ಒಬ್ಬರಿದ್ದರು, ಸರಾಯೆವೊದವರು. ಮುಹಮದ್ ಮುಯಿಚ್ ಅಂತ ಇನ್ನೊಬ್ಬರು, ಮೊಸ್ತಾರ್‌ನವರು. ಬೆಳ್ಳಿ ಪದಕ ತಗೊಂಡು ಊರಿಗೆ ಹೋದರು. ಅವರು ಆಡಿದ ಮೈದಾನಗಳು ಮುಂದೆ ಏನಾದವು ಅನ್ನೋದೇ ಇವತ್ತಿನ ಮಾತು. ಆ ಮೈದಾನಗಳೆಲ್ಲ ಈಗಿರುವುದು ಬೋಸ್ನಿಯಾ ಹರ್ಜೆಗೊವಿನಾ ಎಂಬ ಪುಟ್ಟ ದೇಶದಲ್ಲಿ.

ಎಷ್ಟು ಪುಟ್ಟದು? ಸುಮಾರು 51 ಸಾವಿರ ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಜನ ಸುಮಾರು 35 ಲಕ್ಷ. ಅಂದರೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಮತ್ತೆ ಇಡೀ ದೇಶ ಗುಡ್ಡ, ಕಣಿವೆ, ನದಿ. ಊರುಗಳೆಲ್ಲ ಕಣಿವೆಯ ತಳದಲ್ಲಿ ಉದ್ದಕ್ಕೆ ಹಾಸಿಕೊಂಡಿವೆ, ಎರಡೂ ಕಡೆ ಬೆಟ್ಟ ಎದ್ದು ನಿಂತಿರುತ್ತದೆ.

ಇಂಜಿನಿಯರಿಂಗ್ ಓದುವಾಗ ನಮಗೆ ಸರ್ವೇ ಪ್ರಾಕ್ಟಿಕಲ್ ಇರುತ್ತಿತ್ತು. ಬಿಸಿಲಲ್ಲಿ ಲೆವೆಲ್ಲಿಂಗ್ ಸ್ಟಾಫ್ ಹಿಡ್ಕೊಂಡು ನಿಲ್ಲೋದು ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಕಣ್ಣಿಗೆ ಸಮತಟ್ಟಾಗಿ ಕಾಣುವ ಕಾಲೇಜು ಮೈದಾನದಲ್ಲಿ ಲೆಕ್ಕ ಹಾಕಿದರೆ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಎಷ್ಟೋ ವ್ಯತ್ಯಾಸ. ಆಗ ಅರ್ಥವಾಗಿದ್ದು ಒಂದೇ ವಿಷಯ. ಸಮತಟ್ಟು ಜಾಗ ತಾನಾಗಿ ಸಿಗುವುದಿಲ್ಲ, ಮಣ್ಣು ಕಡಿದು, ಮಣ್ಣು ತುಂಬಿ ಮಾಡಿಕೊಳ್ಳಬೇಕು. ಫುಟ್ಬಾಲ್ ಮೈದಾನಕ್ಕೆ ಹೆಚ್ಚುಕಡಿಮೆ 105 ಮೀಟರ್ ಉದ್ದ, 68 ಮೀಟರ್ ಅಗಲ ಬೇಕು. ಬಯಲುಸೀಮೆಯಲ್ಲಿ ಅದು ದೊಡ್ಡ ವಿಷಯವೇ ಅಲ್ಲ. ಗುಡ್ಡದ ನಾಡಿನಲ್ಲಿ ಅಷ್ಟು ಜಾಗ ಒಂದೇ ಕಡೆ ಸಿಗೋದು ಅಂದರೆ ಊರಿಗೇ ಆಸ್ತಿ. ಆ ಆಸ್ತಿಯ ಮೇಲೆ ಎಲ್ಲರ ಕಣ್ಣು. ಶಾಂತಿ ಇದ್ದಾಗ ಆಟಗಾರರ ಕಣ್ಣು, ಶಾಂತಿ ಹೋದ ಮೇಲೆ ಬೇರೆಯವರ ಕಣ್ಣು.

ಸರಾಯೆವೊದಿಂದ ಶುರು ಮಾಡೋಣ. ಅಲ್ಲಿನ ದೊಡ್ಡ ಕ್ರೀಡಾಂಗಣದ ಹೆಸರು ಕೊಶೆವೊ. 1947ರಲ್ಲಿ ತೆರೆದದ್ದು. ಎಫ್‌ಕೆ ಸರಾಯೆವೊ ತಂಡದ ಮನೆ. 1967ರಲ್ಲಿ ಈ ತಂಡ ಯುಗೊಸ್ಲಾವಿಯಾ ಚಾಂಪಿಯನ್ ಆಯಿತು, ಅದೇ ವರ್ಷ ಯುರೋಪಿಯನ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಲ್ಲಿಗೆ ಬಂದು 0-0 ಡ್ರಾ ಮಾಡಿಕೊಂಡು ಹೋಯಿತು. ಆ ಸಲದ ಕಪ್ ಗೆದ್ದದ್ದು ಅದೇ ಯುನೈಟೆಡ್ಡು. ಈಗ ಕ್ರೀಡಾಂಗಣಕ್ಕೆ ಇಟ್ಟಿರುವ ಹೆಸರು ಅಸೀಂ ಫೆರ್ಹಾತೊವಿಚ್ ಅವರದ್ದು. 1963-64ರ ಲೀಗ್‌ನಲ್ಲಿ 19 ಗೋಲು ಹೊಡೆದು ಎಲ್ಲರಿಗಿಂತ ಮೇಲೆ ನಿಂತ ಸರಾಯೆವೊ ಹುಡುಗ. ಊರವರ ಬಾಯಲ್ಲಿ 'ಹಾಸೆ'.

1984ರ ಫೆಬ್ರವರಿ 8ರಂದು ಇದೇ ಕೊಶೆವೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಕಮ್ಯುನಿಸ್ಟ್ ದೇಶವೊಂದರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅದೇ ಮೊದಲು. ಪಕ್ಕದಲ್ಲೇ ಜೆಟ್ರಾ ಅಂತ ಹೊಸ ಐಸ್ ಹಾಲ್ ಕಟ್ಟಿದರು. ಟೊರ್ವಿಲ್ ಮತ್ತು ಡೀನ್ ಜೋಡಿ ಅಲ್ಲೇ ಐಸ್ ಮೇಲೆ ನರ್ತಿಸಿ ಜಗತ್ತನ್ನೇ ಬೆರಗುಗೊಳಿಸಿದ್ದು. ಪ್ರಪಂಚದ ಕ್ಯಾಮೆರಾಗಳೆಲ್ಲ ಆ ಕಣಿವೆಯ ಮೇಲೆ.

ಎಂಟೇ ವರ್ಷ. ಕೇವಲ ಎಂಟು ವರ್ಷ ಆದಮೇಲೆ ಅದೇ ಬೆಟ್ಟಗಳ ಮೇಲೆ ಫಿರಂಗಿ ಕೂತಿದ್ದವು. 1992ರ ಏಪ್ರಿಲ್‌ನಲ್ಲಿ ಶುರುವಾದ ಮುತ್ತಿಗೆ ಮುಗಿದದ್ದು 1996ರ ಫೆಬ್ರವರಿ 29ಕ್ಕೆ. ಬೋಸ್ನಿಯನ್ ಸರ್ಬ್ ಪಡೆಗಳು ಮೇಲೆ, ಊರು ಕೆಳಗೆ. 1992ರ ಮೇ ತಿಂಗಳಲ್ಲಿ ಜೆಟ್ರಾ ಹಾಲ್ ಶೆಲ್ ದಾಳಿಗೆ ಹಾಳಾಯಿತು. ಊರಿನ ಸ್ಮಶಾನಗಳು ತುಂಬಿಹೋದವು. ಬೆಟ್ಟದ ಇಳಿಜಾರಿನ ಸ್ಮಶಾನಕ್ಕೆ ಹೆಣ ಹೊತ್ತುಕೊಂಡು ಹೋದರೆ ಮೇಲಿಂದ ಸ್ನೈಪರ್ ಗುಂಡು. ಅಂತ್ಯಸಂಸ್ಕಾರಕ್ಕೆ ಬಂದವರ ಮೇಲೂ ಗುಂಡು ಬೀಳುತ್ತಿತ್ತು. ಹತ್ತಿರದಲ್ಲಿ, ಸಮತಟ್ಟಾಗಿ, ಅಗೆಯಲು ಸುಲಭವಾಗಿ ಇದ್ದ ಜಾಗ ಯಾವುದು? ಕೊಶೆವೊ ಪಕ್ಕದ ಅಭ್ಯಾಸದ ಮೈದಾನ. ಹುಡುಗರು ಪ್ರಾಕ್ಟೀಸ್ ಮಾಡುತ್ತಿದ್ದ ಹುಲ್ಲಿನ ಮೇಲೆ ಸಾಲು ಸಾಲು ಸಮಾಧಿ. ಇವತ್ತಿಗೂ ಅಲ್ಲೇ ಇವೆ. ಜೆಟ್ರಾದ ಮರದ ಆಸನಗಳನ್ನು ಬಿಚ್ಚಿ ಶವಪೆಟ್ಟಿಗೆ ಮಾಡಿದರು ಅಂತ ಆ ಊರಿನ ಜನ ಹೇಳುತ್ತಾರೆ.

ಮುತ್ತಿಗೆಯ ಮಧ್ಯೆಯೂ ಫುಟ್ಬಾಲ್ ನಿಲ್ಲಲಿಲ್ಲ, ಅದು ಇನ್ನೊಂದು ವಿಚಿತ್ರ. 1994ರ ಫೆಬ್ರವರಿಯಲ್ಲಿ ಶೆಲ್ ದಾಳಿ ಸ್ವಲ್ಪ ತಣ್ಣಗಾದಾಗ, ಮಾರ್ಚ್‌ನಲ್ಲಿ ಕೊಶೆವೊದಲ್ಲಿ ಒಂದು ಪಂದ್ಯ ನಡೆಯಿತು. ಎಫ್‌ಕೆ ಸರಾಯೆವೊ ಒಂದು ಕಡೆ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ತಂಡ ಇನ್ನೊಂದು ಕಡೆ. ಸಾವಿರಾರು ಜನ ಬಂದು ಕೂತರು. ಬಯಲಲ್ಲಿ ಒಟ್ಟಿಗೆ ಕೂರೋದಕ್ಕೇ ಎರಡು ವರ್ಷ ಹೆದರಿದ್ದ ಜನ! ಗೆದ್ದದ್ದು ಸರಾಯೆವೊ.

ಹೆದರಿಕೆ ಸುಮ್ಮನೆ ಇರಲಿಲ್ಲ. 1993ರ ಜೂನ್ 1, ಬಕ್ರೀದ್ ದಿನ. ವಿಮಾನ ನಿಲ್ದಾಣದ ಹತ್ತಿರದ ಡೊಬ್ರಿನ್ಯಾ ಬಡಾವಣೆಯಲ್ಲಿ ಜನ ಒಂದು ಫುಟ್ಬಾಲ್ ಪಂದ್ಯ ಇಟ್ಟುಕೊಂಡರು. ಮೈದಾನದಲ್ಲಿ ಅಲ್ಲ, ಅಪಾರ್ಟ್‌ಮೆಂಟ್‌ಗಳ ನಡುವಿನ ಪಾರ್ಕಿಂಗ್ ಜಾಗದಲ್ಲಿ. ಮೂರು ಕಡೆ ಕಟ್ಟಡ ಇದ್ದರೆ ಬೆಟ್ಟದಿಂದ ಕಾಣಲ್ಲ ಅನ್ನೋ ಲೆಕ್ಕ. ಸುಮಾರು 200 ಜನ ಸೇರಿದ್ದರು. ಎರಡು ಮಾರ್ಟರ್ ಶೆಲ್ ಬಂದು ಬಿದ್ದವು. ಹತ್ತಕ್ಕೂ ಹೆಚ್ಚು ಜನ ಸತ್ತರು, ನೂರರ ಹತ್ತಿರ ಗಾಯಾಳುಗಳು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಸರ್ಬ್ ಪಡೆಯ ಜನರಲ್ ಸ್ತಾನಿಸ್ಲಾವ್ ಗಾಲಿಚ್ ವಿಚಾರಣೆ ನಡೆದಾಗ ಈ ಪಂದ್ಯವೂ ಒಂದು ಪ್ರಕರಣ. 2003ರಲ್ಲಿ 20 ವರ್ಷ ಶಿಕ್ಷೆ ಆಯಿತು, 2006ರಲ್ಲಿ ಮೇಲ್ಮನವಿ ಪೀಠ ಅದನ್ನು ಜೀವಾವಧಿಗೆ ಏರಿಸಿತು. ಒಂದು ಗಲ್ಲಿ ಫುಟ್ಬಾಲ್ ಪಂದ್ಯ ಎಲ್ಲಿ ನಡೆಯಿತು, ಎಷ್ಟು ಜನ ನೋಡುತ್ತಿದ್ದರು, ಗುಂಡು ಯಾವ ದಿಕ್ಕಿನಿಂದ ಬಂತು ಅಂತ ಅಳತೆ ಸಮೇತ ಕೋರ್ಟಿನ ತೀರ್ಪಿನಲ್ಲಿ ದಾಖಲಾಗಿದೆ. ಪಂದ್ಯದ ವರದಿ ಅನ್ನೋದು ನ್ಯಾಯಾಲಯದ ಕಡತ ಆಗೋದು ಅಂದ್ರೆ ಇದು.

ಎಡಿನ್ ಜೆಕೊ ಹೆಸರು ಕೇಳಿರುತ್ತೀರಿ. ಮ್ಯಾಂಚೆಸ್ಟರ್ ಸಿಟಿಗೆ ಆಡಿದ ಸ್ಟ್ರೈಕರ್. 1986ರಲ್ಲಿ ಸರಾಯೆವೊದಲ್ಲಿ ಹುಟ್ಟಿದವರು, ಮುತ್ತಿಗೆ ಶುರುವಾದಾಗ ಆರು ವರ್ಷ. ಒಂದು ದಿನ ಆಡಲು ಹೊರಟಿದ್ದ ಮಗನನ್ನು ತಾಯಿ ಬೇಡ ಅಂತ ತಡೆದರಂತೆ, ಸ್ವಲ್ಪ ಹೊತ್ತಿಗೆ ಆ ಜಾಗಕ್ಕೇ ಶೆಲ್ ಬಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ನಮ್ಮ ಕಡೆ ತಾಯಂದಿರು ಬಿಸಿಲು, ಮಳೆ, ಪರೀಕ್ಷೆ ಅಂತ ತಡೆಯುತ್ತಾರೆ.

ಜೆಕೊ ಬೆಳೆದ ಕ್ಲಬ್ ಝೆಲ್ಯೆಜ್ನಿಚಾರ್. ಹೆಸರಿನ ಅರ್ಥ 'ರೈಲ್ವೆಯವನು'. 1921ರಲ್ಲಿ ರೈಲ್ವೆ ಕಾರ್ಮಿಕರು ಕಟ್ಟಿದ ತಂಡ. ಅದರ ಮೈದಾನ ಗ್ರ್ಬಾವಿತ್ಸಾ, ಊರಿನ ಆ ಹೆಸರಿನ ಬಡಾವಣೆಯಲ್ಲೇ ಇದೆ. 1992ರ ಏಪ್ರಿಲ್ 5ರಂದು ಇಲ್ಲಿ ಬೆಲ್‌ಗ್ರೇಡ್‌ನ ರಾಡ್ ತಂಡದ ಜೊತೆ ಲೀಗ್ ಪಂದ್ಯ ನಿಗದಿಯಾಗಿತ್ತು. ಊರಲ್ಲಿ ಗುಂಡಿನ ಸದ್ದು ಶುರುವಾಗಿತ್ತು, ಪಂದ್ಯ ನಡೆಯಲಿಲ್ಲ. ನಂತರ ಗ್ರ್ಬಾವಿತ್ಸಾ ಸರ್ಬ್ ಪಡೆಗಳ ಕೈಗೆ ಹೋಯಿತು, ಮೈದಾನ ಸರಿಯಾಗಿ ಯುದ್ಧದ ಗಡಿರೇಖೆಯ ಪಕ್ಕ ಸಿಕ್ಕಿಕೊಂಡಿತು. ಸ್ಟ್ಯಾಂಡುಗಳು ಸುಟ್ಟವು. ಡೇಟನ್ ಒಪ್ಪಂದದ ಪ್ರಕಾರ 1996ರ ಮಾರ್ಚ್‌ನಲ್ಲಿ ಬಡಾವಣೆ ವಾಪಸ್ ಬಂತು, ಮೇ ತಿಂಗಳಲ್ಲೇ ಅಲ್ಲಿ ಸರಾಯೆವೊದ ಎರಡು ತಂಡಗಳು ಎದುರುಬದುರಾದವು.

ಈ ಕ್ಲಬ್ಬಿನ ದೊಡ್ಡ ಮನುಷ್ಯ ಇವಿತ್ಸಾ ಒಸಿಮ್. ಇಲ್ಲೇ ಆಟಗಾರ, ಇಲ್ಲೇ ಕೋಚ್. 1984-85ರಲ್ಲಿ ಈ ರೈಲ್ವೆ ತಂಡವನ್ನು ಯುಇಎಫ್‌ಎ ಕಪ್ ಸೆಮಿಫೈನಲ್‌ವರೆಗೆ ಕರೆದೊಯ್ದವರು. 1990ರ ವಿಶ್ವಕಪ್‌ನಲ್ಲಿ ಯುಗೊಸ್ಲಾವಿಯಾದ ಕೋಚ್, ಕ್ವಾರ್ಟರ್ ಫೈನಲ್‌ನಲ್ಲಿ ಮರಡೋನಾನ ಅರ್ಜೆಂಟೀನಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. 1992ರ ಮೇ ತಿಂಗಳಲ್ಲಿ ತನ್ನೂರು ಸರಾಯೆವೊ ಮೇಲೆ ಬಾಂಬು ಬೀಳುತ್ತಿರುವಾಗ ಒಸಿಮ್ ಬೆಲ್‌ಗ್ರೇಡ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ಕಣ್ಣೀರು ಹಾಕುತ್ತಾ ರಾಜೀನಾಮೆ ಕೊಟ್ಟರು. ಆ ವಿಡಿಯೋ ನೋಡಿ. ಇಷ್ಟು ವರ್ಷ ಆಂಕರ್ ಕುರ್ಚಿಯಲ್ಲಿ ಕೂತು ನಾನು ನೂರಾರು ರಾಜೀನಾಮೆ ಸುದ್ದಿ ಓದಿದ್ದೇನೆ. ಬಹುತೇಕ ಯಾವುದಕ್ಕೂ ಮನಸ್ಸು ಅಲುಗಾಡಿಲ್ಲ. ಇದಕ್ಕೆ ಅಲುಗಾಡಿತು.

ಇನ್ನೊಂದು ಮೈದಾನದ ಬಗ್ಗೆ ಹೇಳಲೇಬೇಕು, ಹೇಳೋಕೆ ಕಷ್ಟ ಆದರೂ. ದೇಶದ ಪೂರ್ವಕ್ಕೆ ನೊವಾ ಕಸಾಬಾ ಅಂತ ಒಂದು ಸಣ್ಣ ಊರು. ರಸ್ತೆ ಪಕ್ಕ ಒಂದು ಸಾಧಾರಣ ಫುಟ್ಬಾಲ್ ಮೈದಾನ, ಹೇಳಿಕೊಳ್ಳುವಂಥ ಸ್ಟ್ಯಾಂಡೂ ಇಲ್ಲ. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾ ಬಿದ್ದಾಗ ಸಾವಿರಾರು ಬೋಸ್ನಿಯಾಕ್ ಗಂಡಸರು, ಹುಡುಗರು ಕಾಡಿನ ದಾರಿ ಹಿಡಿದು ಓಡಿದರು. ಜುಲೈ 13ರಂದು ಸಿಕ್ಕಿಬಿದ್ದವರಲ್ಲಿ 1,500ರಿಂದ 3,000 ಜನರನ್ನು ಈ ಮೈದಾನದಲ್ಲಿ ಕೂರಿಸಿದ್ದರು ಅಂತ ಹೇಗ್ ನ್ಯಾಯಮಂಡಳಿಯ ತೀರ್ಪು ಹೇಳುತ್ತದೆ. ಜನರಲ್ ಮ್ಲಾದಿಚ್ ಬಂದು ಅವರನ್ನು ಉದ್ದೇಶಿಸಿ ಮಾತಾಡಿ ಹೋದ. ಆ ದಿನಗಳಲ್ಲಿ ಸ್ರೆಬ್ರೆನಿತ್ಸಾದವರು ಒಟ್ಟು ಸುಮಾರು 8,000 ಜನ ಕೊಲೆಯಾದರು, ನರಮೇಧ ಅಂತ ನ್ಯಾಯಾಲಯವೇ ತೀರ್ಮಾನಿಸಿದ ಪ್ರಕರಣ. ಆಗಸ್ಟ್ 10ರಂದು ಅಮೆರಿಕದ ರಾಯಭಾರಿ ಮೆಡ್‌ಲೀನ್ ಆಲ್‌ಬ್ರೈಟ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮೇಲಿಂದ ತೆಗೆದ ಚಿತ್ರಗಳನ್ನು ಇಟ್ಟರು. ನೊವಾ ಕಸಾಬಾ ಸುತ್ತಮುತ್ತ ಹೊಸದಾಗಿ ಅಗೆದ ಮಣ್ಣು. ಗುಡ್ಡ, ಕಾಡು ತುಂಬಿದ ಜಾಗದಲ್ಲಿ ಇಷ್ಟು ಜನರನ್ನು ಒಟ್ಟಿಗೆ ಕೂರಿಸಿ ಕಾವಲು ಕಾಯೋಕೆ ಸಿಕ್ಕ ಸಮತಟ್ಟು ಜಾಗ, ಮಕ್ಕಳು ಚೆಂಡು ಒದೆಯುತ್ತಿದ್ದ ಜಾಗ.

ಯುದ್ಧ ನಿಂತದ್ದು 1995ರ ನವೆಂಬರ್ 21ಕ್ಕೆ ಡೇಟನ್‌ನಲ್ಲಿ ಒಪ್ಪಂದ ಕುದುರಿದ ಮೇಲೆ. ಒಂಬತ್ತೇ ದಿನ ಬಿಟ್ಟು, ನವೆಂಬರ್ 30ರಂದು, ಬೋಸ್ನಿಯಾ ತಂಡ ಅಲ್ಬೇನಿಯಾದ ತಿರಾನಾದಲ್ಲಿ ತನ್ನ ಮೊದಲ ಪಂದ್ಯ ಆಡಿ 2-0 ಸೋತಿತು. ಸೋಲು ಯಾರಿಗೆ ಬೇಕಾಗಿತ್ತು ಹೇಳಿ, ಮೈದಾನಕ್ಕೆ ಇಳಿದದ್ದೇ ಸುದ್ದಿ. 1997ರಲ್ಲಿ ಕೊಶೆವೊದಲ್ಲಿ ಏಪ್ರಿಲ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಿಮದ ನಡುವೆ ಪ್ರಾರ್ಥನೆ ನಡೆಸಿದರು, ಸೆಪ್ಟೆಂಬರ್‌ನಲ್ಲಿ ಯು2 ಬ್ಯಾಂಡ್ ಬಂದು ಹಾಡಿತು. ಗಾಯಕ ಬೊನೊಗೆ ಅವತ್ತು ಗಂಟಲು ಕೈಕೊಟ್ಟಿತ್ತು, ಜನರೇ ಹಾಡಿದರು.

ಆದರೆ ಆಟ ಮಾತ್ರ ಒಂದಾಗಲಿಲ್ಲ. ಬೋಸ್ನಿಯಾಕ್ ಮುಸ್ಲಿಮರು, ಸರ್ಬರು, ಕ್ರೊಯಾಟರು, ಮೂವರಿಗೂ ಮೂರು ಬೇರೆ ಲೀಗ್! ಅಷ್ಟು ಕಡಿಮೆ ಜನಸಂಖ್ಯೆಗೆ ಮೂರು ಚಾಂಪಿಯನ್‌ಗಳು. ಬೋಸ್ನಿಯಾಕ್, ಕ್ರೊಯಾಟ್ ಕ್ಲಬ್ಬುಗಳು 2000ದಲ್ಲಿ ಒಂದಾದವು, ಸರ್ಬ್ ಕ್ಲಬ್ಬುಗಳು 2002ರಲ್ಲಿ ಸೇರಿಕೊಂಡವು. ಬಾನ್ಯಾ ಲೂಕಾದ ಬೊರಾಟ್ಸ್ ತಂಡ ಹೀಗೆ ಬಂದದ್ದು. ಎರಡನೇ ದರ್ಜೆಯಲ್ಲಿ ಆಡುತ್ತಿದ್ದಾಗಲೇ 1988ರಲ್ಲಿ ಯುಗೊಸ್ಲಾವಿಯಾ ಕಪ್ ಗೆದ್ದ ಗಟ್ಟಿ ತಂಡ ಅದು.

ಲೀಗ್ ಒಂದಾಯ್ತು, ಆಡಳಿತ? ಫುಟ್ಬಾಲ್ ಸಂಸ್ಥೆಗೆ ಮೂವರು ಅಧ್ಯಕ್ಷರು, ಸಮುದಾಯಕ್ಕೊಬ್ಬರು, ಸರದಿ ಪ್ರಕಾರ ಕುರ್ಚಿ. ಫಿಫಾ ಹೇಳಿತು, ಒಬ್ಬರನ್ನು ಇಟ್ಟುಕೊಳ್ಳಿ ಅಂತ. ಇವರು ಒಪ್ಪಲಿಲ್ಲ. 2011ರ ಏಪ್ರಿಲ್ 1ರಂದು ಫಿಫಾ, ಯುಇಎಫ್‌ಎ ಎರಡೂ ಸೇರಿ ದೇಶವನ್ನೇ ಅಮಾನತು ಮಾಡಿದವು. ಏಪ್ರಿಲ್ ಫೂಲ್ ಅಲ್ಲ, ನಿಜ. ಆಗ ಎಲ್ಲರನ್ನೂ ಕೂರಿಸಿ ಮಾತಾಡಿಸೋಕೆ ಯಾರನ್ನು ಕರೆದರು ಗೊತ್ತಾ? ಅದೇ ಒಸಿಮ್. ವಯಸ್ಸು 70ರ ಹತ್ತಿರ, 2007ರಲ್ಲಿ ಜಪಾನ್‌ನಲ್ಲಿ ಕೋಚ್ ಆಗಿದ್ದಾಗ ಪಾರ್ಶ್ವವಾಯು ಹೊಡೆದಿತ್ತು, ನಡೆಯೋದೇ ಕಷ್ಟ. ಆ ಮನುಷ್ಯ ಸರ್ಬ್ ನಾಯಕರ ಬಳಿ ಹೋದರು, ಕ್ರೊಯಾಟ್ ನಾಯಕರ ಬಳಿ ಹೋದರು. ಮೇ ಅಂತ್ಯಕ್ಕೆ ಹೊಸ ನಿಯಮಾವಳಿ ಪಾಸಾಗಿ ಅಮಾನತು ತೆರವಾಯಿತು. ಎರಡೂವರೆ ವರ್ಷಕ್ಕೆ, 2013ರ ಅಕ್ಟೋಬರ್‌ನಲ್ಲಿ, ಲಿಥುವೇನಿಯಾದಲ್ಲಿ 1-0 ಗೆದ್ದು ಬೋಸ್ನಿಯಾ ಮೊದಲ ಸಲ ವಿಶ್ವಕಪ್‌ಗೆ ಟಿಕೆಟ್ ತಗೊಂಡಿತು. ರಾಜಕಾರಣಿಗಳಿಂದ ಆಗದ ಕೆಲಸ ಕೋಚ್‌ನಿಂದ ಆಯಿತು ಅಂತ ಜನ ಹೇಳ್ತಾರೆ. ನನ್ನ ಪ್ರಕಾರ ಅರ್ಧ ಸರಿ. ಫಿಫಾದ ಬೆತ್ತ ಇಲ್ಲದೇ ಇದ್ದಿದ್ದರೆ ಒಸಿಮ್ ಬಂದರೂ ಬಾಗಿಲು ತೆರೆಯುತ್ತಿರಲಿಲ್ಲ.

ಆ ಅರ್ಹತಾ ಸುತ್ತಿನ ತವರು ಪಂದ್ಯಗಳು ನಡೆದದ್ದು ರಾಜಧಾನಿಯಲ್ಲಲ್ಲ, ಝೆನಿತ್ಸಾದಲ್ಲಿ. ಅದು ಉಕ್ಕಿನ ಕಾರ್ಖಾನೆಯ ಊರು, ಅಲ್ಲಿನ ಕ್ಲಬ್ಬಿನ ಹೆಸರೇ ಚೆಲಿಕ್, ಅಂದರೆ ಉಕ್ಕು. 1972ರಲ್ಲಿ ಕಟ್ಟಿದ ಬಿಲಿನೊ ಪೊಲ್ಯೆ ಕ್ರೀಡಾಂಗಣ ಹೆಚ್ಚೆಂದರೆ ಹದಿನೈದು ಸಾವಿರ ಜನಕ್ಕೆ ಸಾಕು. ಕೊಶೆವೊದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಜನ ದೂರ ಕೂರುತ್ತಾರೆ. ಝೆನಿತ್ಸಾದಲ್ಲಿ ಟ್ರ್ಯಾಕ್ ಇಲ್ಲ, ಕಾರ್ನರ್ ಕಿಕ್ ತೆಗೆಯುವವನ ಕಿವಿಗೇ ಕೂಗಬಹುದು. ದೂರದಿಂದ ಬಂದ ದೊಡ್ಡ ದೊಡ್ಡ ತಂಡಗಳಿಗೆ ಅಲ್ಲಿ ಆಡೋದು ಅಂದರೆ ತಲೆನೋವು.

ಮೊಸ್ತಾರ್ ಅನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ನೆರೆತ್ವಾ ನದಿ ಊರನ್ನು ಎರಡು ಭಾಗ ಮಾಡುತ್ತದೆ. ನಡುವೆ 1566ರಲ್ಲಿ ಕಟ್ಟಿದ ಕಲ್ಲಿನ ಕಮಾನು ಸೇತುವೆ. ಪಶ್ಚಿಮ ದಡದಲ್ಲಿ ಬಿಯೆಲಿ ಬ್ರಿಯೆಗ್ ಕ್ರೀಡಾಂಗಣ, ಹೆಸರಿನ ಅರ್ಥ ಬಿಳಿ ಗುಡ್ಡ. ಅದು ವೆಲೆಜ್ ಕ್ಲಬ್ಬಿನ ಮನೆ. 1922ರಲ್ಲಿ ಹುಟ್ಟಿದ ಕಾರ್ಮಿಕರ ಕ್ಲಬ್, ಎದೆಯ ಮೇಲೆ ಕೆಂಪು ನಕ್ಷತ್ರ. ನಮ್ಮ ವಿರುದ್ಧ ಮೆಲ್ಬರ್ನ್‌ಗೆ ಬಂದಿದ್ದ ಮುಯಿಚ್ ಈ ಕ್ಲಬ್ಬಿನವರೇ. 1970ರ ದಶಕದಲ್ಲಿ ಇಲ್ಲಿ ಮೂವರು ಆಟಗಾರರಿದ್ದರು, ಬಯೆವಿಚ್, ಮಾರಿಚ್, ವ್ಲಾದಿಚ್. ಒಬ್ಬರು ಸರ್ಬ್, ಒಬ್ಬರು ಬೋಸ್ನಿಯಾಕ್, ಒಬ್ಬರು ಕ್ರೊಯಾಟ್. ಊರವರು ಮೂರು ಹೆಸರಿನ ಮೊದಲಕ್ಷರ ಸೇರಿಸಿ 'ಬಿಎಂವಿ' ಅಂತಿದ್ದರು. 1974ರ ವಿಶ್ವಕಪ್‌ನಲ್ಲಿ ಜೈರ್ ವಿರುದ್ಧ 9-0 ಗೆದ್ದ ಪಂದ್ಯದಲ್ಲಿ ಬಯೆವಿಚ್ ಹ್ಯಾಟ್ರಿಕ್ ಹೊಡೆದರು. ಅದೇ ವರ್ಷ ಇಂಗ್ಲೆಂಡಿನ ಡರ್ಬಿ ಕೌಂಟಿ ಅಲ್ಲಿ 3-1 ಗೆದ್ದು ಬೀಗಿ ಬಂದಿತ್ತು, ಮೊಸ್ತಾರ್‌ನಲ್ಲಿ ವೆಲೆಜ್ 4-1 ಹೊಡೆದು ಮನೆಗೆ ಕಳಿಸಿತು. 1981, 1986ರಲ್ಲಿ ಯುಗೊಸ್ಲಾವಿಯಾ ಕಪ್. ಆಗ ಗೋಲು ಬಿದ್ದರೆ ಯಾರು ಹೊಡೆದರು ಅಂತ ಕೇಳುತ್ತಿದ್ದರು, ಯಾವ ಜನ ಅಂತ ಕೇಳುತ್ತಿರಲಿಲ್ಲ.

1993ರ ಮೇ 9ರಂದು ಕ್ರೊಯಾಟ್ ಪಡೆಗಳು ಪಶ್ಚಿಮ ದಡದ ಮನೆಗಳಿಂದ ಬೋಸ್ನಿಯಾಕರನ್ನು ಎಬ್ಬಿಸಿ ಹೊರಗೆಳೆದವು. ಮೊದಲು ಸೇರಿಸಿದ್ದು ಎಲ್ಲಿ? ವೆಲೆಜ್ ಕ್ರೀಡಾಂಗಣದಲ್ಲಿ. ಅಲ್ಲಿಂದ ಹೆಲಿಯೊಡ್ರೊಮ್ ಅನ್ನೋ ಬಂಧನ ಶಿಬಿರಕ್ಕೆ. ನವೆಂಬರ್ 9ರಂದು ಹಳೇ ಸೇತುವೆಯೂ ಶೆಲ್ ದಾಳಿಗೆ ನದಿಗೆ ಬಿತ್ತು. ಊರು ಎರಡಾಯಿತು, ಪಶ್ಚಿಮ ಕ್ರೊಯಾಟರಿಗೆ, ಪೂರ್ವ ಬೋಸ್ನಿಯಾಕರಿಗೆ. ಮೈದಾನ ಪಶ್ಚಿಮದಲ್ಲಿತ್ತಲ್ಲ, ಅದು ಜ್ರಿನ್ಸ್ಕಿ ಕ್ಲಬ್ಬಿನ ಪಾಲಾಯಿತು.

ಇಲ್ಲಿ ಜ್ರಿನ್ಸ್ಕಿಯವರ ವಾದವನ್ನೂ ಕೇಳಬೇಕು, ಇಲ್ಲದಿದ್ದರೆ ಅನ್ಯಾಯ. ಅವರ ಕ್ಲಬ್ ಹುಟ್ಟಿದ್ದು 1905ರಲ್ಲಿ, ವೆಲೆಜ್‌ಗಿಂತ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿ ಬೆಂಬಲದ ಕ್ರೊಯೇಷಿಯಾದ ಲೀಗ್‌ನಲ್ಲಿ ಆಡಿದ್ದಕ್ಕೆ 1945ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಾಗಿಲು ಹಾಕಿಸಿತು. ಹತ್ತಿರ ಹತ್ತಿರ ಅರ್ಧ ಶತಮಾನ ಕ್ಲಬ್ ಇರಲೇ ಇಲ್ಲ, 1992ರಲ್ಲಿ ಮತ್ತೆ ಕಟ್ಟಿದರು. 'ನಮ್ಮನ್ನು ಅಳಿಸಿದಾಗ ನೀವು ಎಲ್ಲಿದ್ರಿ?' ಅನ್ನೋದು ಅವರ ಪ್ರಶ್ನೆ. ಪ್ರಶ್ನೆ ಸರಿಯೇ. ಆದರೆ ಬಿಯೆಲಿ ಬ್ರಿಯೆಗ್ ಕಟ್ಟಿದಾಗ ಅವರ ಕ್ಲಬ್ ಇರಲಿಲ್ಲ, ಅಲ್ಲಿ ಬೆಳೆದದ್ದು ವೆಲೆಜ್. ಒಂದು ಅನ್ಯಾಯದ ರಸೀದಿ ತೋರಿಸಿ ಇನ್ನೊಂದು ಮನೆಯ ಬೀಗ ತಗೊಳ್ಳೋಕಾಗಲ್ಲ ಅಂತ ನನಗನ್ನಿಸುತ್ತದೆ.

ವೆಲೆಜ್ ಈಗ ಆಡೋದು ಊರಿನ ಉತ್ತರಕ್ಕಿರುವ ವ್ರಾಪ್ಚಿಚಿ ಎಂಬಲ್ಲಿನ ಸಣ್ಣ ಮೈದಾನದಲ್ಲಿ. ಯುದ್ಧದ ನಂತರ ಎರಡು ಕ್ಲಬ್ಬುಗಳು ಮೊದಲು ಎದುರಾದದ್ದು 2000ದಲ್ಲಿ, ಅದೂ ಮೊಸ್ತಾರ್‌ನಲ್ಲಲ್ಲ, ಸರಾಯೆವೊದಲ್ಲಿ. ಹಳೇ ಸೇತುವೆ 2004ರಲ್ಲಿ ಮತ್ತೆ ಎದ್ದು ನಿಂತಿತು, ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಇತ್ತ ನಗರಸಭೆ ಚುನಾವಣೆ 2008ರ ನಂತರ 2020ರವರೆಗೆ ನಡೆಯಲೇ ಇಲ್ಲ, ಹನ್ನೆರಡು ವರ್ಷ! ನಮ್ಮಲ್ಲಿ ಪಾಲಿಕೆ ಚುನಾವಣೆ ಮುಂದೆ ಹೋದರೆ ನಾವು ಸ್ಟುಡಿಯೋದಲ್ಲಿ ಕೂಗಾಡುತ್ತೇವೆ.

ಆಟದ ದೃಷ್ಟಿಯಿಂದ ಜ್ರಿನ್ಸ್ಕಿ ಬಡವಾಗಲಿಲ್ಲ. 2003-04ರಲ್ಲಿ ಹದಿನೆಂಟರ ಹುಡುಗ ಲೂಕಾ ಮೊಡ್ರಿಚ್ ಇಲ್ಲಿ ಎರವಲು ಬಂದು ಆಡಿ ಹೋದ. ಮುಂದೆ ಅವನೇನಾದ ಅಂತ ನಿಮಗೆ ಗೊತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಿಯೆಲಿ ಬ್ರಿಯೆಗ್‌ನಲ್ಲಿ ನೆದರ್ಲೆಂಡ್ಸ್‌ನ ಎಝಡ್ ಆಲ್ಕ್‌ಮಾರ್ 3-0 ಮುಂದಿದ್ದಾಗ ಜ್ರಿನ್ಸ್ಕಿ ನಾಲ್ಕು ಗೋಲು ಹೊಡೆದು 4-3 ಗೆದ್ದಿತು. ಯುರೋಪಿನ ಟೂರ್ನಿಯ ಗುಂಪು ಹಂತಕ್ಕೆ ಹೋದ ಮೊದಲ ಬೋಸ್ನಿಯಾ ಕ್ಲಬ್ ಅದು. ವೆಲೆಜ್ ಕೂಡ ಎದ್ದು ನಿಂತಿತು. 2022ರಲ್ಲಿ ದೇಶದ ಕಪ್ ಫೈನಲ್‌ನಲ್ಲಿ ಎಫ್‌ಕೆ ಸರಾಯೆವೊವನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಅದೇ ಮೇ 1ರಂದು ಒಸಿಮ್ ತೀರಿಕೊಂಡಿದ್ದರು.

ಲೀಗ್ ಒಂದೇ ಆಗಿರುವುದರಿಂದ ವರ್ಷಕ್ಕೆ ಕೆಲವು ಸಲ ಎರಡು ತಂಡಗಳು ಆಡಲೇಬೇಕು. ವ್ರಾಪ್ಚಿಚಿಯಿಂದ ಹೊರಟ ವೆಲೆಜ್ ತಂಡ ಬಿಯೆಲಿ ಬ್ರಿಯೆಗ್‌ಗೆ ಬರುತ್ತದೆ, ಆಟಗಾರರು ಕಿಟ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಇಳಿದು ಅತಿಥಿ ತಂಡದ ಡ್ರೆಸ್ಸಿಂಗ್ ರೂಮಿನ ಕಡೆ ನಡೆಯುತ್ತಾರೆ.